‘2001: ಎ ಸ್ಪೇಸ್ ಒಡಿಸಿ’ಯನ್ನು ನೋಡುವುದು ಹೇಗೆ?

ಸಿನಿಮಾ ಶುರುವಾದರೂ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಪೂರ್ತಿ ಕತ್ತಲು. ಹಿಂದೆ ಯಾವ ವಾದ್ಯದ್ದೆಂದು ಗುರುತು ಹತ್ತದ ಸ್ವರಗಳ ಮೊರೆತ. ಸುಮಾರು ಮೂರು ನಿಮಿಷ ಇಷ್ಟೇ. ಮನೆಯಲ್ಲಿ ಡಿಸ್ಕ್ ಹಾಕಿಕೊಂಡು ಕೂತವರು ಟಿ.ವಿ. ಕೆಟ್ಟಿತೇನೋ ಎಂದು ರಿಮೋಟ್ ಎತ್ತಿಕೊಳ್ಳುವುದು ಇಲ್ಲಿಯೇ. ಫಾರ್ವರ್ಡ್ ಒತ್ತಬಾರದು. ಅದು ಹಂಗೇರಿ ಮೂಲದ ಸಂಗೀತ ರಚನಕಾರ ಜ್ಯೋರ್ಜ್ ಲಿಗೆಟಿಯ ‘ಅಟ್ಮಾಸ್ಫಿಯರ್ಸ್’. ಚಿತ್ರಮಂದಿರದಲ್ಲಿ ಜನ ಬಂದು ಕೂತು, ಮಾತು ನಿಲ್ಲಿಸಿ, ಕಿವಿ ತೆರೆದುಕೊಳ್ಳಲಿ ಎಂದು ಇಟ್ಟದ್ದು. ಮುಂದಿನ ಎರಡು ಗಂಟೆಗೂ ಮಿಕ್ಕಿ ಕಣ್ಣಿನಷ್ಟೇ ಕೆಲಸ ಕಿವಿಗೂ ಇದೆ.

ಸ್ಟ್ಯಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ ಈ ಚಿತ್ರ ಮೊದಲು ತೆರೆ ಕಂಡದ್ದು 1968ರ ಏಪ್ರಿಲ್ 2ರಂದು, ವಾಷಿಂಗ್ಟನ್ ನಗರದಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಡಲು ಆಗಿನ್ನೂ ಹದಿನೈದು ತಿಂಗಳು ಬಾಕಿ. ಆರಂಭದ ಪ್ರದರ್ಶನಗಳಲ್ಲಿ ಜನ ನಡುವೆಯೇ ಎದ್ದುಹೋದರು. ಲಾಸ್ ಏಂಜಲೀಸ್‌ನಲ್ಲಿ ಹೆಸರಾಂತ ನಟ ರಾಕ್ ಹಡ್ಸನ್, ಇದೆಲ್ಲ ಏನೆಂದು ಯಾರಾದರೂ ಬಿಡಿಸಿ ಹೇಳಿ ಎನ್ನುತ್ತ ಹೊರನಡೆದದ್ದನ್ನು ವಿಮರ್ಶಕ ರೋಜರ್ ಈಬರ್ಟ್ ಬರೆದಿಟ್ಟಿದ್ದಾರೆ. ಪ್ರಭಾವಿ ವಿಮರ್ಶಕಿ ಪಾಲಿನ್ ಕೇಲ್, ಇದರಲ್ಲಿ ಕಲ್ಪನೆಯೇ ಇಲ್ಲವೆಂದು ತಳ್ಳಿಹಾಕಿದರು. ಕೆಲವೇ ದಿನಗಳಲ್ಲಿ ಕ್ಯೂಬ್ರಿಕ್ ಸುಮಾರು 19 ನಿಮಿಷಗಳಷ್ಟನ್ನು ಕತ್ತರಿಸಿ ತೆಗೆದರು. ಚಿತ್ರವನ್ನು ಉಳಿಸಿದ್ದು ಯುವಕರು. ಮತ್ತೆ ಮತ್ತೆ ಬಂದು ನೋಡಿದರು. 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರ ಮತ ಪಡೆದು ಮಾಡಿದ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು.

ಇಷ್ಟಾದರೂ ಇಂದು ಮೊದಲ ಸಲ ನೋಡುವವರಲ್ಲಿ ಅನೇಕರು ಹಡ್ಸನ್ ಕೇಳಿದ್ದನ್ನೇ ಕೇಳುತ್ತಾರೆ. ಕೇಳಿದವರು ಯೂಟ್ಯೂಬಿನಲ್ಲಿ ಅರ್ಥವಿವರಣೆಯ ವಿಡಿಯೊ ಹುಡುಕುತ್ತಾರೆ. ಅಲ್ಲಿ ಕತೆಯ ಸಾರಾಂಶವೇನೋ ಸಿಗುತ್ತದೆ. ಆದರೆ ಅರ್ಥ ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿಯನ್ನೆಲ್ಲ ಕ್ಯೂಬ್ರಿಕ್ ಪರದೆಯ ಮೇಲೇ ಇಟ್ಟಿದ್ದಾರೆ: ಒಂದು ಕಟ್, ಒಂದು ಉಸಿರಿನ ಸದ್ದು, ಕೈ ಚಾಚುವ ಒಂದು ಭಂಗಿ. ಮೊದಲು ಅವು ಕಣ್ಣಿಗೆ ಬೀಳಬೇಕು, ವ್ಯಾಖ್ಯಾನ ಆಮೇಲಿನ ಮಾತು. ಹಾಗೆ ಕಣ್ಣಿಗೆ ಬೀಳಿಸುವುದಷ್ಟೇ ಈ ಲೇಖನದ ಕೆಲಸ. ಕತೆ ತಿಳಿಯದೆಯೇ ನೋಡಬೇಕೆನ್ನುವವರು ಇದರ ಮುಂದಿನ ಭಾಗವೊಂದನ್ನು ಓದಿ, ಸಿನಿಮಾ ಮುಗಿಸಿಕೊಂಡು ಬಂದು ಉಳಿದದ್ದನ್ನು ಓದಬಹುದು.

ಕೂರುವ ಮುನ್ನ

ಚಿತ್ರವನ್ನು 70 ಎಂ.ಎಂ.ನಲ್ಲಿ, ಸಿನೆರಾಮಾ ಎಂಬ ಬಾಗಿದ ಭಾರೀ ಪರದೆಗಳಿಗೆ ಹೊಂದುವಂತೆ ತೆಗೆಯಲಾಗಿತ್ತು. ಗಗನಯಾತ್ರಿಯೊಬ್ಬನ ದೇಹ ಕತ್ತಲಲ್ಲಿ ಚುಕ್ಕಿಯಾಗಿ ತೇಲಿಹೋಗುವ ದೃಶ್ಯ ಇದರಲ್ಲಿದೆ. ಮೊಬೈಲಿನಲ್ಲಿ ನೋಡಿದರೆ ಆ ಚುಕ್ಕಿಯೇ ಕಾಣದು. ಪ್ರೊಜೆಕ್ಟರ್ ಸಿಕ್ಕರೆ ಬಹಳ ಒಳ್ಳೆಯದು. ಇಲ್ಲವಾದರೆ ದೊಡ್ಡ ಟಿ.ವಿ., ದೀಪ ಆರಿಸಿದ ಕೋಣೆ, ಒಳ್ಳೆಯ ಸ್ಪೀಕರ್ ಇಲ್ಲವೇ ಹೆಡ್‌ಫೋನ್. ಚಿತ್ರಕ್ಕೆ ಐವತ್ತು ತುಂಬಿದ 2018ರಲ್ಲಿ 4ಕೆ ಪ್ರತಿ ಹೊರಬಂದಿದೆ. ಸಿಗುವುದಾದರೆ ಅದನ್ನೇ ಆರಿಸಿಕೊಳ್ಳಬೇಕು. ಒಟ್ಟು ಅವಧಿ ಹತ್ತಿರ ಹತ್ತಿರ ಎರಡೂವರೆ ಗಂಟೆ. ಊಟ ಮುಗಿಸಿ ರಾತ್ರಿ ಹನ್ನೊಂದಕ್ಕೆ ಶುರು ಮಾಡಿದರೆ ನಿದ್ದೆ ಗೆಲ್ಲುತ್ತದೆ.

ನಿಧಾನಗತಿಗೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಬೇಕು. ಚಿತ್ರದಲ್ಲಿ ಮೊದಲ ಮಾತು ಕೇಳಿಸುವುದು ಸುಮಾರು 25 ನಿಮಿಷವಾದ ಮೇಲೆ. ಕೊನೆಯ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳಲ್ಲಿ ಮತ್ತೆ ಮಾತಿಲ್ಲ. ಧಾರವಾಡದ ಕಡೆಯ ಸಂಗೀತಪ್ರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ: ವಿಲಂಬಿತ ಖಯಾಲಿನಲ್ಲಿ ಗಾಯಕ ಒಂದೊಂದೇ ಸ್ವರದ ಮೇಲೆ ನಿಂತು ರಾಗ ಬಿಚ್ಚುವಾಗ, ಹಾಡು ಯಾವಾಗ ಶುರುವಾಗುತ್ತದೆಂದು ಅಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ.

ಇನ್ನೊಂದು ಸಲಹೆ ಇಂಟರ್‌ವಲ್‌ನದು. ನೀರು ಕುಡಿಯಲು, ಕಾಫಿ ಮಾಡಲು ಕ್ಯೂಬ್ರಿಕ್ ತಾವೇ ಜಾಗ ಗೊತ್ತು ಮಾಡಿದ್ದಾರೆ. ಆ ಜಾಗ ಎಷ್ಟು ಯೋಚಿಸಿ ಇಟ್ಟದ್ದೆಂಬುದು ಅಲ್ಲಿಗೆ ಹೋದಾಗ ತಿಳಿಯುತ್ತದೆ. ಅಲ್ಲಿಯವರೆಗೆ ನಿಲ್ಲಿಸದೆ ನೋಡುವುದು ಒಳ್ಳೆಯದು. ಸಂಭಾಷಣೆ ಕಡಿಮೆಯಾದ್ದರಿಂದ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡರೆ ತೊಂದರೆಯೇನಿಲ್ಲ.

ಎಲುಬಿನಿಂದ ಉಪಗ್ರಹಕ್ಕೆ

ಮೊದಲ ಭಾಗದ ಹೆಸರು ‘ಮಾನವನ ಉದಯ’. ಒಣಗಿದ ಆಫ್ರಿಕಾದ ಬಯಲು, ಹಸಿದ ವಾನರರ ಗುಂಪು, ನೀರಿನ ಗುಂಡಿಗಾಗಿ ಇನ್ನೊಂದು ಗುಂಪಿನೊಡನೆ ಕಿರುಚಾಟ. ಒಂದು ಬೆಳಗಿನ ಜಾವ ಅವರ ನಡುವೆ ನುಣುಪಾದ, ಕಪ್ಪನೆಯ, ಎತ್ತರದ ಚಪ್ಪಡಿಯೊಂದು ನಿಂತಿರುತ್ತದೆ. ವಿಮರ್ಶಕರೆಲ್ಲ ಮಾನೊಲಿತ್ ಎನ್ನುವುದು ಇದನ್ನೇ. ಯಾರು ನೆಟ್ಟರು, ಏಕೆ ನೆಟ್ಟರು ಎಂಬುದನ್ನು ಚಿತ್ರ ಹೇಳುವುದಿಲ್ಲ. ವಾನರರು ಬೆದರುತ್ತಾರೆ, ಸುತ್ತುತ್ತಾರೆ, ಕೊನೆಗೆ ಕೈ ಚಾಚಿ ಮುಟ್ಟುತ್ತಾರೆ.

ಆಮೇಲೆ ಒಬ್ಬ ವಾನರ ಸತ್ತ ಪ್ರಾಣಿಯ ಎಲುಬುಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಇಲ್ಲಿ ಅವನ ಕೈಯ ಮೇಲೆಯೇ ಕಣ್ಣಿಟ್ಟಿರಬೇಕು. ತಲೆ ಓರೆ ಮಾಡಿ ನೋಡುತ್ತಾನೆ. ನಡುವೆ ಒಂದೇ ಕ್ಷಣ ಆ ಚಪ್ಪಡಿ ಮಿಂಚಿ ಹೋಗುತ್ತದೆ. ಒಂದು ದಪ್ಪ ಎಲುಬನ್ನು ಎತ್ತಿ ಸಡಿಲವಾಗಿ ಉಳಿದವುಗಳಿಗೆ ತಾಗಿಸುತ್ತಾನೆ. ತಾಗಿದ್ದು ಚಿಮ್ಮುತ್ತದೆ. ಇನ್ನೊಮ್ಮೆ, ಸ್ವಲ್ಪ ಬಲವಾಗಿ. ಹಿಡಿತ ಬಿಗಿಯಾಗುತ್ತ ಹೋಗಿ, ತೋಳು ತಲೆಯ ಮೇಲೇರಿ, ಬುರುಡೆ ಪುಡಿಯಾಗುವ ಹೊತ್ತಿಗೆ ರಿಚರ್ಡ್ ಸ್ಟ್ರೌಸ್‌ನ ಕಹಳೆಗಳು ಮೊಳಗುತ್ತಿರುತ್ತವೆ. ನಡುನಡುವೆ ನೆಲಕ್ಕುರುಳುವ ಪ್ರಾಣಿ ಕಾಣುತ್ತದೆ. ಮನುಷ್ಯನ ಮೊದಲ ಆಲೋಚನೆ ಹುಟ್ಟುವುದನ್ನು ಮಾತಿಲ್ಲದೆ ತೋರಿಸಿದ ದೃಶ್ಯ ಇದು. ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಇನ್ನೊಂದಿಲ್ಲ. ಆ ವಾನರನಾಗಿ ನಟಿಸಿದವರು ಮೂಕಾಭಿನಯ ಕಲಾವಿದ ಡ್ಯಾನ್ ರಿಕ್ಟರ್.

ಆಫ್ರಿಕಾ ಎಂದು ಕಾಣುವುದು ಬಹುತೇಕ ಲಂಡನ್ ಬಳಿಯ ಬೋರಮ್‌ವುಡ್‌ನ ಸ್ಟುಡಿಯೊದೊಳಗೆ ತೆಗೆದದ್ದು. ಇಂದಿನ ನಮೀಬಿಯಾದಲ್ಲಿ ತೆಗೆಸಿ ತಂದ ಸ್ಥಿರಚಿತ್ರಗಳನ್ನು, ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ವಿಶೇಷ ಪರದೆಯ ಮೇಲೆ ಮುಂಭಾಗದಿಂದ ಹಾಯಿಸಿ, ಅದರೆದುರು ನಟರನ್ನು ನಿಲ್ಲಿಸಿ ಚಿತ್ರೀಕರಿಸಿದರು. ಬೇಟೆಯ ಮೇಲೆ ಕೂತ ಚಿರತೆಯ ಕಣ್ಣು ಕೆಂಡದಂತೆ ಹೊಳೆಯುವುದು ಆ ಪ್ರೊಜೆಕ್ಟರಿನ ಬೆಳಕು ಅದರ ಕಣ್ಣಿಗೆ ಬಡಿದು ವಾಪಸಾದದ್ದರಿಂದ. ಕ್ಯೂಬ್ರಿಕ್ ಅದನ್ನು ಹಾಗೆಯೇ ಉಳಿಸಿಕೊಂಡರು. ಹೊಳೆಯುವ ಆ ಕಣ್ಣನ್ನು ನೆನಪಿಟ್ಟುಕೊಂಡಿರಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಗೆದ್ದ ವಾನರ ಎಲುಬನ್ನು ಆಕಾಶಕ್ಕೆ ಎಸೆಯುತ್ತಾನೆ. ಅದು ತಿರುಗುತ್ತ ಮೇಲೇರಿ, ಇಳಿಯತೊಡಗಿದೊಡನೆ ಒಂದೇ ಕಟ್: ಅದೇ ಆಕಾರದ ಉಪಗ್ರಹ ಭೂಮಿಯ ಮೇಲೆ ತೇಲುತ್ತಿದೆ. ಚಿತ್ರದ ಲೆಕ್ಕದಲ್ಲಿ 40 ಲಕ್ಷ ವರ್ಷ ದಾಟಿತು. ಸಿನಿಮಾ ಇತಿಹಾಸದ ಅತ್ಯಂತ ಪ್ರಸಿದ್ಧ ಕಟ್ ಇದು; ಅದರ ಅರ್ಧ ಅರ್ಥ ಮಾತ್ರ ಅನೇಕರಿಗೆ ದಕ್ಕುತ್ತದೆ. ಆ ಉಪಗ್ರಹ ಮತ್ತು ಅದರ ಬೆನ್ನಿಗೆ ಕಾಣುವ ಇನ್ನು ಕೆಲವು, ಮೂಲ ಯೋಜನೆಯಲ್ಲಿ ಬೇರೆ ಬೇರೆ ದೇಶಗಳು ಕಕ್ಷೆಯಲ್ಲಿಟ್ಟ ಅಣುಬಾಂಬುಗಳು. ಅದನ್ನು ಹೇಳುವ ನಿರೂಪಣೆಯನ್ನು ಕ್ಯೂಬ್ರಿಕ್ ಕೊನೆಯ ಹಂತದಲ್ಲಿ ತೆಗೆದುಹಾಕಿದರು. ಹಾಗಾಗಿ ಚಿತ್ರದಲ್ಲಿ ಬಾಂಬ್ ಎಂಬ ಮಾತಿಲ್ಲ, ಹತ್ತಿರದಿಂದ ನೋಡಿದರೆ ಅವುಗಳ ಮೈಮೇಲೆ ದೇಶಗಳ ಗುರುತುಗಳು ಮಾತ್ರ ಕಾಣುತ್ತವೆ. ಇದು ತಿಳಿದ ಮೇಲೆ ಆ ಕಟ್ ‘ಮನುಷ್ಯ ಎಷ್ಟು ಮುಂದುವರಿದ’ ಎನ್ನುವ ಬದಲು, ಕೈಯಲ್ಲಿದ್ದ ಆಯುಧ ಬದಲಾಯಿತು ಎನ್ನುತ್ತದೆ.

ಇದಕ್ಕೆ ಒತ್ತುಕೊಡುವ ಇನ್ನೊಂದು ಸಾಕ್ಷ್ಯವಿದೆ. ಚಿತ್ರದ ಭಾಗಗಳಿಗೆಲ್ಲ ಶೀರ್ಷಿಕೆ ಫಲಕಗಳಿವೆ. ಆದರೆ ಎಲುಬಿನಿಂದ ಉಪಗ್ರಹಕ್ಕೆ ಬಂದಾಗ ಹೊಸ ಫಲಕ ಬರುವುದಿಲ್ಲ. ಚಂದ್ರನ ಪ್ರಯಾಣವೂ ಅದೇ ‘ಮಾನವನ ಉದಯ’ದೊಳಗೇ ನಡೆಯುತ್ತದೆ. ಮನುಷ್ಯನ ಉದಯ ಇನ್ನೂ ಮುಗಿದಿಲ್ಲವೆಂಬುದನ್ನು ಕ್ಯೂಬ್ರಿಕ್ ಒಂದು ಫಲಕ ಹಾಕದೆ ಇರುವ ಮೂಲಕ ಹೇಳಿದ್ದಾರೆ.

ಸಪ್ಪೆ ಮಾತು, ಸೊಗಸಾದ ಚಲನೆ

ಇಪ್ಪತ್ತೈದು ನಿಮಿಷ ಕಾದ ಮೇಲೆ ಕೇಳಿಸುವ ಮೊದಲ ಮಾತು ಯಾವುದು? ಬಾಹ್ಯಾಕಾಶ ನಿಲ್ದಾಣದ ಲಿಫ್ಟಿನ ಹುಡುಗಿ ಪ್ರಯಾಣಿಕನಿಗೆ ಅವನು ಇಳಿಯಬೇಕಾದ ಮಹಡಿ ಬಂತೆಂದು ಹೇಳುವುದು. ಮುಂದೂ ಹಾಗೆಯೇ. ವಿಜ್ಞಾನಿ ಹೇವುಡ್ ಫ್ಲಾಯ್ಡ್ ಮಗಳಿಗೆ ವಿಡಿಯೊ ಫೋನ್ ಮಾಡಿ, ಹುಟ್ಟುಹಬ್ಬಕ್ಕೆ ಬರಲಾಗುವುದಿಲ್ಲ ಎನ್ನುತ್ತಾನೆ (ಆ ಮಗು ಕ್ಯೂಬ್ರಿಕ್ ಅವರ ಮಗಳು ವಿವಿಯನ್). 40 ಲಕ್ಷ ವರ್ಷ ಹಿಂದೆ ಯಾರೋ ಬೇಕೆಂದೇ ಚಂದ್ರನಲ್ಲಿ ಹೂತಿಟ್ಟ ವಸ್ತುವನ್ನು ನೋಡಲು ಹೊರಟವರು ದಾರಿಯಲ್ಲಿ ಸ್ಯಾಂಡ್‌ವಿಚ್ ಬಿಚ್ಚಿ, ಇದು ಕೋಳಿಯದೋ ಎಂದು ಚರ್ಚಿಸುತ್ತಾರೆ. ಮೊದಲ ಸಲ ನೋಡುವವರಿಗೆ ಇದು ಬರವಣಿಗೆಯ ದೋಷದಂತೆ ಕಾಣಬಹುದು. ಉದ್ದೇಶಪೂರ್ವಕವಾದ ಸಪ್ಪೆತನ ಇದು. ಅಸಾಮಾನ್ಯವಾದದ್ದರ ನಡುವೆ ಬದುಕಿಯೂ ಈ ಜನಕ್ಕೆ ಬೆರಗಾಗುವುದು ಮರೆತುಹೋಗಿದೆ. ಎಲುಬಿನ ಮುಂದೆ ಕೂತ ವಾನರನ ಮುಖದಲ್ಲಿದ್ದ ಕುತೂಹಲ ಇವರಲ್ಲಿ ಯಾರ ಮುಖದಲ್ಲೂ ಇಲ್ಲ.

ಬೆರಗೆಲ್ಲ ಚಲನೆಯಲ್ಲಿದೆ. ವಿಮಾನದಂಥ ನೌಕೆ ಚಕ್ರಾಕಾರದ ನಿಲ್ದಾಣದತ್ತ ಸಾಗಿ, ಅದರ ತಿರುಗುವಿಕೆಗೆ ತಾನೂ ಹೊಂದಿಕೊಳ್ಳುವ ದೃಶ್ಯಕ್ಕೆ ಜೋಹಾನ್ ಸ್ಟ್ರೌಸ್‌ನ ‘ಬ್ಲೂ ಡ್ಯಾನ್ಯೂಬ್’ ವಾಲ್ಟ್ಸ್. ಆ ಚಕ್ರ ತಿರುಗುವುದು ಒಳಗಿರುವವರಿಗೆ ಕೃತಕ ಗುರುತ್ವ ಒದಗಿಸಲು. ಭಾರವಿಲ್ಲದ ಕಡೆ ಅವಸರಕ್ಕೆ ಅರ್ಥವಿಲ್ಲ, ಎಲ್ಲವೂ ಲಯಕ್ಕೆ ಸಿಕ್ಕಿ ತಿರುಗುತ್ತದೆ. ಈ ಸಂಗೀತ ಮೊದಲು ಸಂಕಲನದ ಅನುಕೂಲಕ್ಕೆಂದು ತಾತ್ಕಾಲಿಕವಾಗಿ ಹಾಕಿಕೊಂಡದ್ದು. ಹಾಲಿವುಡ್‌ನ ಅನುಭವಿ ಅಲೆಕ್ಸ್ ನಾರ್ತ್ ಅವರಿಂದ ಹೊಸ ಸಂಗೀತ ಬರೆಸಿಯೂ ಕ್ಯೂಬ್ರಿಕ್ ಹಳೆಯದನ್ನೇ ಉಳಿಸಿಕೊಂಡರು. ತಮ್ಮ ಸಂಗೀತ ಚಿತ್ರದಲ್ಲಿಲ್ಲವೆಂಬುದು ನಾರ್ತ್‌ಗೆ ಗೊತ್ತಾದದ್ದು ಪ್ರದರ್ಶನದ ದಿನ. ಚಿತ್ರಕ್ಕೆ ಇದರಿಂದ ಲಾಭವಾಯಿತು ನಿಜ, ಒಬ್ಬ ಕಲಾವಿದನನ್ನು ಹಾಗೆ ನಡೆಸಿಕೊಂಡದ್ದು ಮಾತ್ರ ಸರಿಯಲ್ಲ.

ಸಂಗೀತವನ್ನು ಸುಳಿವಾಗಿ ಬಳಸಿಕೊಳ್ಳುವ ಅಭ್ಯಾಸ ಒಳ್ಳೆಯದು. ರಿಚರ್ಡ್ ಸ್ಟ್ರೌಸ್‌ನ ‘ಜರಾತುಸ್ತ್ರ’ ಮೂರು ಸಲ ಕೇಳುತ್ತದೆ: ಆರಂಭದಲ್ಲಿ ಚಂದ್ರ, ಭೂಮಿ, ಸೂರ್ಯ ಸಾಲಾಗಿ ನಿಂತಾಗ, ಎಲುಬು ಆಯುಧವಾದಾಗ, ಕಟ್ಟಕಡೆಯಲ್ಲಿ. ಲಿಗೆಟಿಯ ‘ರೆಕ್ವಿಯಮ್’ನ ನಡುಗುವ ಕಂಠಗಳು ಕಪ್ಪು ಚಪ್ಪಡಿ ಆಫ್ರಿಕಾದಲ್ಲಿ, ಚಂದ್ರನಲ್ಲಿ, ಗುರುಗ್ರಹದ ಬಳಿ ಎದುರಾದಾಗಲೆಲ್ಲ ಏಳುತ್ತವೆ. ಒಂದು ನೆಗೆತಕ್ಕೆ ಒಂದು ರಾಗ, ಅಜ್ಞಾತಕ್ಕೆ ಇನ್ನೊಂದು. ಇಷ್ಟನ್ನು ಗುರುತಿಸಿದವರಿಗೆ ಚಿತ್ರದ ಅರ್ಧ ನಕಾಶೆ ಕೈಗೆ ಬಂದಂತೆ.

ನೌಕೆಯಲ್ಲಿ ನಿದ್ರಿಸುವ ಫ್ಲಾಯ್ಡ್‌ನ ಪೆನ್ನು ಗಾಳಿಯಲ್ಲಿ ತೇಲುತ್ತಿರುತ್ತದೆ. ಅಂದು ಕಂಪ್ಯೂಟರ್ ಗ್ರಾಫಿಕ್ಸ್ ಇರಲಿಲ್ಲ. ದೊಡ್ಡ ಗಾಜಿನ ಹಾಳೆಗೆ ಅಂಟಿಸಿದ ಪೆನ್ನು ಅದು; ಗಾಜನ್ನು ನಿಧಾನಕ್ಕೆ ತಿರುಗಿಸಿದರು, ಗಗನಸಖಿ ಬಂದು ಅದನ್ನು ಮೆಲ್ಲಗೆ ಕಿತ್ತುಕೊಂಡಳು. ಮುಂದೆ ಗಗನಯಾತ್ರಿ ಚಕ್ರದೊಳಗೆ ಸುತ್ತುತ್ತ ಓಡುವ ದೃಶ್ಯಕ್ಕೆ ವಿಕರ್ಸ್ ಕಂಪನಿಯಿಂದ 38 ಅಡಿ ವ್ಯಾಸದ, ನಿಜವಾಗಿಯೂ ತಿರುಗುವ ಸೆಟ್ ಕಟ್ಟಿಸಿದರು. ಕ್ಯೂಬ್ರಿಕ್ ಬದುಕಿನಲ್ಲಿ ಪಡೆದ ಒಂದೇ ಆಸ್ಕರ್ ಈ ಚಿತ್ರದ ವಿಶೇಷ ದೃಶ್ಯಪರಿಣಾಮಗಳಿಗೆ ಬಂದದ್ದು.

ಭವಿಷ್ಯ ಎಷ್ಟು ನಿಜವಾಯಿತು ಎಂಬ ಲೆಕ್ಕದಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಗಗನಯಾತ್ರಿಗಳು ಊಟ ಮಾಡುತ್ತ ನೋಡುವ ಚಪ್ಪಟೆ ಪರದೆಗಳನ್ನು 2011ರಲ್ಲಿ ಸ್ಯಾಮ್‌ಸಂಗ್ ಆ್ಯಪಲ್ ವಿರುದ್ಧದ ಪೇಟೆಂಟ್ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಮುಂದಿಟ್ಟಿತ್ತು. ಚಿತ್ರದಲ್ಲಿ ಬಾಹ್ಯಾಕಾಶಕ್ಕೆ ಪ್ರಯಾಣಿಕರನ್ನು ಒಯ್ಯುವ ಪ್ಯಾನ್ ಆ್ಯಮ್ ವಿಮಾನ ಸಂಸ್ಥೆ 1991ರಲ್ಲೇ ಮುಚ್ಚಿತು.

ಕೆಂಪು ಕಣ್ಣಿನ ಹ್ಯಾಲ್

ಗುರುಗ್ರಹಕ್ಕೆ ಹೊರಟ ‘ಡಿಸ್ಕವರಿ’ ನೌಕೆಯಲ್ಲಿ ಎಚ್ಚರವಿರುವವರು ಇಬ್ಬರೇ: ಡೇವ್ ಬೌಮನ್ (ಕೇರ್ ಡುಲೇ) ಮತ್ತು ಫ್ರ್ಯಾಂಕ್ ಪೂಲ್ (ಗ್ಯಾರಿ ಲಾಕ್‌ವುಡ್). ಇನ್ನು ಮೂವರು ಶೀತನಿದ್ರೆಯಲ್ಲಿದ್ದಾರೆ. ನೌಕೆಯನ್ನು ನಡೆಸುವುದು ಹ್ಯಾಲ್ 9000 ಎಂಬ ಕಂಪ್ಯೂಟರ್. ಅದಕ್ಕೆ ಮೈಯಿಲ್ಲ, ಎಲ್ಲ ಕೋಣೆಗಳಲ್ಲೂ ಒಂದೊಂದು ಕೆಂಪು ಕಣ್ಣು, ಮತ್ತು ಕೆನಡಾದ ರಂಗನಟ ಡಗ್ಲಸ್ ರೇನ್ ಅವರ ಸೌಮ್ಯ ಧ್ವನಿ. ಮೊದಲು ಬೇರೊಬ್ಬ ನಟ ಮಾರ್ಟಿನ್ ಬಾಲ್ಸಮ್ ಧ್ವನಿ ಕೊಟ್ಟಿದ್ದರು. ಅದರಲ್ಲಿ ಭಾವ ಹೆಚ್ಚಾಯಿತೆಂದು ಕ್ಯೂಬ್ರಿಕ್ ರೇನ್ ಅವರನ್ನು ಕರೆಸಿದರು. ಯಾವುದೇ ಪ್ರಾಂತದ ಸೊಗಡಿಲ್ಲದ, ಏರಿಳಿತ ಕಡಿಮೆಯ ಆ ಧ್ವನಿಯೇ ಹ್ಯಾಲ್‌ಗೆ ಜೀವ.

ಕೃತಕ ಬುದ್ಧಿಮತ್ತೆ ಮನೆಮಾತಾಗಿರುವ ಈ ದಿನಗಳಲ್ಲಿ ಎಲ್ಲರನ್ನೂ ಮೊದಲು ಸೆಳೆಯುವ ಭಾಗ ಇದು. ಕಂಪ್ಯೂಟರ್ ಹುಚ್ಚಾಗಿ ಮನುಷ್ಯರನ್ನು ಕೊಂದಿತು ಎಂದು ಒಂದೇ ಸಾಲಿನಲ್ಲಿ ಮುಗಿಸುವವರೂ ಇದ್ದಾರೆ. ಚಿತ್ರ ಹೇಳುತ್ತಿರುವುದು ಅದಕ್ಕಿಂತ ಸೂಕ್ಷ್ಮ. ಮೊದಲ ಸೂಚನೆ ಚೆಸ್ ಆಟದಲ್ಲಿದೆ. ಹ್ಯಾಲ್ ಮುಂದಿನ ನಡೆಗಳನ್ನು ಹೇಳಿ ಪೂಲ್ ಸೋತನೆಂದು ಘೋಷಿಸುತ್ತದೆ. ಪೂಲ್ ಒಂದು ಕ್ಷಣ ಹಲಗೆ ನೋಡಿ ಒಪ್ಪಿಕೊಳ್ಳುತ್ತಾನೆ. 1910ರ ಒಂದು ನಿಜವಾದ ಪಂದ್ಯದಿಂದ ತೆಗೆದುಕೊಂಡ ಸ್ಥಿತಿ ಅದು. ಹ್ಯಾಲ್ ತನ್ನ ರಾಣಿಯ ನಡೆಯನ್ನು ಹೇಳುವಾಗ ಮನೆಯ ಸಂಖ್ಯೆಯನ್ನು ತಪ್ಪಾಗಿ ಹೇಳುತ್ತದೆ ಎಂಬುದನ್ನು ಚೆಸ್ ಬಲ್ಲವರು ಗುರುತಿಸಿದ್ದಾರೆ. ಕ್ಯೂಬ್ರಿಕ್ ಸ್ವತಃ ಪಳಗಿದ ಆಟಗಾರ. ಬೇಕೆಂದೇ ಇಟ್ಟ ತಪ್ಪೋ, ಕಣ್ತಪ್ಪೋ ಎಂಬ ಚರ್ಚೆ ಮುಗಿದಿಲ್ಲ. ಯಾವುದೇ ಆಗಿರಲಿ, ಪೂಲ್ ಮರುಪರೀಕ್ಷೆ ಮಾಡಲಿಲ್ಲ ಎಂಬುದು ಪರದೆಯ ಮೇಲೆ ಸ್ಪಷ್ಟವಾಗಿದೆ.

ಎರಡನೆಯದು ಒಂದು ಸಂಭಾಷಣೆ. ಹ್ಯಾಲ್ ಬೌಮನ್‌ನನ್ನು ಮಾತಿಗೆಳೆದು, ಈ ಯಾತ್ರೆಯ ಬಗ್ಗೆ ನಿನಗೇನಾದರೂ ಅನುಮಾನವಿದೆಯೇ, ಚಂದ್ರನಲ್ಲಿ ಏನೋ ಸಿಕ್ಕಿತೆಂಬ ವದಂತಿ ಕೇಳಿದ್ದೀಯಾ ಎಂದು ಸುತ್ತಿ ಬಳಸಿ ಕೇಳುತ್ತದೆ. ಬೌಮನ್, ನೀನು ಸಿಬ್ಬಂದಿಯ ಮನಃಸ್ಥಿತಿಯ ವರದಿ ತಯಾರಿಸುತ್ತಿದ್ದೀಯಲ್ಲವೇ ಎಂದು ಮಾತು ತಿರುಗಿಸುತ್ತಾನೆ. ಹೌದೆಂದು ಒಪ್ಪಿದ ಮರುಕ್ಷಣವೇ ಹ್ಯಾಲ್ ತಡವರಿಸಿ, ಒಂದು ನಿಮಿಷ ಎಂದು ತಡೆದು, ಭೂಮಿಯ ಸಂಪರ್ಕ ಸಾಧನದ ಬಿಡಿಭಾಗವೊಂದು 72 ಗಂಟೆಯಲ್ಲಿ ಕೆಡಲಿದೆ ಎನ್ನುತ್ತದೆ. ಈ ಕ್ಷಣವನ್ನು ತಪ್ಪಿಸಿಕೊಂಡರೆ ಮುಂದಿನದೆಲ್ಲ ಬರಿಯ ಯಂತ್ರದೋಷವಾಗಿ ಕಾಣುತ್ತದೆ. ಗುಟ್ಟು ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸಬೇಕಾದ ಒತ್ತಡದಲ್ಲಿ ಹ್ಯಾಲ್ ಮುಗ್ಗರಿಸಿತೇ? ಯಾತ್ರೆಯ ನಿಜವಾದ ಉದ್ದೇಶ ಎಚ್ಚರವಿದ್ದ ಇಬ್ಬರಿಗೂ ಗೊತ್ತಿರಲಿಲ್ಲ, ಹ್ಯಾಲ್‌ಗೆ ಗೊತ್ತಿತ್ತು ಎಂಬುದು ಬಹಳ ತಡವಾಗಿ, ಫ್ಲಾಯ್ಡ್ ಮೊದಲೇ ಚಿತ್ರೀಕರಿಸಿಟ್ಟ ಸಂದೇಶದಿಂದ ತಿಳಿಯುತ್ತದೆ. ಸುಳ್ಳು ಹೇಳಲು ಯಂತ್ರಕ್ಕೆ ಕಲಿಸಿದವರು ಮನುಷ್ಯರು.

ಮೂರನೆಯದು ತುಟಿಗಳು. ಬೌಮನ್ ಮತ್ತು ಪೂಲ್ ಹ್ಯಾಲ್‌ಗೆ ಕೇಳಿಸಬಾರದೆಂದು ಪುಟ್ಟ ನೌಕೆಯೊಂದರಲ್ಲಿ ಕೂತು, ಅದನ್ನು ಬಂದ್ ಮಾಡುವ ವಿಚಾರ ಮಾತಾಡುತ್ತಾರೆ. ಸದ್ದು ಕಡಿದುಹೋಗುತ್ತದೆ. ಕ್ಯಾಮೆರಾ ಒಬ್ಬನ ತುಟಿಯಿಂದ ಇನ್ನೊಬ್ಬನ ತುಟಿಗೆ ಸರಿಯುತ್ತದೆ. ಹ್ಯಾಲ್ ಮಾತು ಓದುತ್ತಿದೆ ಎಂದು ನೋಡುಗರಿಗೆ ಹೊಳೆದ ಕ್ಷಣ ಇಂಟರ್‌ವಲ್ ಫಲಕ. ಚಿತ್ರಮಂದಿರದಲ್ಲಿ ಜನ ಆ ಭಯವನ್ನು ಹೊತ್ತುಕೊಂಡೇ ಹೊರಗೆ ಹೋಗಬೇಕಿತ್ತು. ಕಾಫಿಗೆ ಏಳುವುದಾದರೆ ಏಳಬೇಕಾದದ್ದು ಇಲ್ಲಿ.

ಅನಂತರದ ಕೊಲೆಗಳಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ. ಹೊರಗೆ ಕೆಲಸಕ್ಕೆ ಹೋದ ಪೂಲ್‌ನ ಉಸಿರು ಹೆಲ್ಮೆಟ್ಟಿನೊಳಗಿಂದ ಕೇಳುತ್ತಿರುತ್ತದೆ, ಸಟ್ಟನೆ ನಿಂತುಬಿಡುತ್ತದೆ. ಬಾಹ್ಯಾಕಾಶದಲ್ಲಿ ಸದ್ದು ಸಾಗಲು ಗಾಳಿಯಿಲ್ಲ ಎಂಬ ವಿಜ್ಞಾನವನ್ನು ಇಷ್ಟು ನಿಷ್ಠುರವಾಗಿ ಪಾಲಿಸಿದ ಚಿತ್ರಗಳು ಇಂದಿಗೂ ಕೆಲವೇ. ಶೀತನಿದ್ರೆಯಲ್ಲಿದ್ದ ಮೂವರ ಸಾವು ಪರದೆಯೊಂದರ ಮೇಲಿನ ಗೆರೆಗಳು ನೆಟ್ಟಗಾಗುವುದರಲ್ಲಿ ಮುಗಿಯುತ್ತದೆ.

ಸಾವಿನ ನೋವು ಕಾಣುವುದು ಹ್ಯಾಲ್‌ನದರಲ್ಲಿ. ಬೌಮನ್ ಕೆಂಪು ಬೆಳಕಿನ ಕೋಣೆಯೊಳಗೆ ತೇಲುತ್ತ ಹೋಗಿ, ಪುಟ್ಟ ಉಪಕರಣದಿಂದ ಸ್ಮೃತಿಯ ಫಲಕಗಳನ್ನು ಒಂದೊಂದಾಗಿ ಸಡಿಲಿಸುತ್ತಾನೆ. ಅವನ ಉಡುಪು ಕೆಂಪು, ಹೆಲ್ಮೆಟ್ ಮಾತ್ರ ಹಸಿರು. ಪೂಲ್‌ನನ್ನು ತರಲು ಅವಸರದಲ್ಲಿ ತನ್ನದನ್ನು ಬಿಟ್ಟು ಹೋಗಿದ್ದವನಿಗೆ ಸಿಕ್ಕಿದ್ದು ಅದು. ಸಂಗೀತವಿಲ್ಲ, ಅವನ ಉಸಿರಾಟವೊಂದೇ ಸದ್ದು. ಹ್ಯಾಲ್ ಮೊದಲು ಸಮಾಧಾನ ಹೇಳುತ್ತದೆ, ಆಮೇಲೆ ಬೇಡುತ್ತದೆ, ಭಯವಾಗುತ್ತಿದೆ ಎನ್ನುತ್ತದೆ, ಕೊನೆಗೆ ಹುಟ್ಟಿದಾಗ ಕಲಿತ ‘ಡೈಸಿ ಬೆಲ್’ ಹಾಡನ್ನು ಹಾಡುತ್ತ ಧ್ವನಿ ಜಾರಿ ಆರಿಹೋಗುತ್ತದೆ. ಈ ಹಾಡಿನ ಆಯ್ಕೆ ಸುಮ್ಮನೆ ಆದದ್ದಲ್ಲ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ 704 ಕಂಪ್ಯೂಟರಿನಿಂದ ಇದೇ ಹಾಡು ಹೇಳಿಸಿದ್ದರು. ಚಿತ್ರಕತೆಯ ಸಹಲೇಖಕ ಆರ್ಥರ್ ಸಿ. ಕ್ಲಾರ್ಕ್ ಅಲ್ಲಿಗೆ ಹೋದಾಗ ಅದನ್ನು ಕೇಳಿದ್ದರು. ತಂದೆತಾಯಿಯ ಹುಟ್ಟುಹಬ್ಬದ ಹಾರೈಕೆಯನ್ನು ಮುಖ ಅಲುಗಿಸದೆ ನೋಡುವ ಪೂಲ್‌ಗಿಂತ, ಸಾಯುವ ಭಯ ಹೇಳಿಕೊಳ್ಳುವ ಹ್ಯಾಲ್ ಹೆಚ್ಚು ಮನುಷ್ಯನಾಗಿ ಕಾಣುವಂತೆ ಕ್ಯೂಬ್ರಿಕ್ ಇಡೀ ಭಾಗವನ್ನು ಕಟ್ಟಿದ್ದಾರೆ.

ಆ ಕೊನೆ

ಗುರುಗ್ರಹದ ಬಳಿ ಕಪ್ಪು ಚಪ್ಪಡಿ ಮತ್ತೆ ಕಾಣುತ್ತದೆ. ಬೌಮನ್ ಬೆಳಕಿನ ಸುರಂಗದೊಳಗೆ ಎಳೆಯಲ್ಪಡುತ್ತಾನೆ. ಡಗ್ಲಸ್ ಟ್ರಂಬಲ್ ಎಂಬ ಇಪ್ಪತ್ತರ ಹರೆಯದ ತಂತ್ರಜ್ಞ, ಸಣ್ಣ ಸೀಳಿನ ಹಿಂದೆ ಬೆಳಗುವ ಚಿತ್ರಗಳನ್ನಿಟ್ಟು, ಕ್ಯಾಮೆರಾವನ್ನು ಅದರತ್ತ ಸರಿಸುತ್ತ, ಒಂದೊಂದೇ ಫ್ರೇಮಿಗೆ ದೀರ್ಘ ಹೊತ್ತು ಬೆಳಕು ಬೀಳಿಸಿ ಇದನ್ನು ಸಾಧಿಸಿದರು. ಸುರಂಗದ ನಡುವೆ ಬಣ್ಣ ಕೆಟ್ಟ ಒಂದು ಕಣ್ಣು ಮತ್ತೆ ಮತ್ತೆ ಬರುತ್ತದೆ. ಚಿರತೆಯ ಕಣ್ಣು, ಹ್ಯಾಲ್‌ನ ಕಣ್ಣು, ಈಗ ಮನುಷ್ಯನದು.

ಆಮೇಲೆ ಹದಿನೆಂಟನೇ ಶತಮಾನದ ಫ್ರೆಂಚ್ ಶೈಲಿಯ, ನೆಲದಿಂದ ಬೆಳಕು ಬರುವ ಕೋಣೆ. ಗೊಂದಲ ಹೆಚ್ಚುವುದು ಇಲ್ಲಿ. ಕ್ಯೂಬ್ರಿಕ್ ಬಳಸಿದ ವ್ಯಾಕರಣ ಮಾತ್ರ ಸರಳ. ಬೌಮನ್ ನೌಕೆಯ ಕಿಟಕಿಯಿಂದ ಹೊರಗೆ ನಿಂತ ತನ್ನನ್ನೇ ನೋಡುತ್ತಾನೆ. ಮರುಕ್ಷಣ ನೌಕೆ ಇಲ್ಲ, ನಿಂತವನೇ ಉಳಿದಿದ್ದಾನೆ. ಅವನಿಗೆ ಚಮಚದ ಸದ್ದು ಕೇಳುತ್ತದೆ. ಊಟ ಮಾಡುತ್ತಿರುವ ಮುದುಕ ತಿರುಗಿ ನೋಡುತ್ತಾನೆ, ಉಸಿರಿನ ಸದ್ದು ನಿಂತು ಮುದುಕನೇ ಉಳಿಯುತ್ತಾನೆ. ಅವನ ಕೈ ತಾಗಿ ಗಾಜಿನ ಲೋಟ ಒಡೆಯುತ್ತದೆ. ತಲೆಯೆತ್ತಿದರೆ ಹಾಸಿಗೆಯಲ್ಲಿ ಇನ್ನೂ ಹಣ್ಣಾದ ಅವನೇ. ಪ್ರತಿಸಲವೂ ನೋಡಿದವನು ಮಾಯವಾಗಿ, ನೋಡಲ್ಪಟ್ಟವನು ಉಳಿಯುತ್ತಾನೆ. ಹಾಸಿಗೆಯ ಮುಂದೆ ಚಪ್ಪಡಿ. ಅವನು ಕೈ ಚಾಚುತ್ತಾನೆ, ವಾನರ ಚಾಚಿದಂತೆ, ಚಂದ್ರನಲ್ಲಿ ಫ್ಲಾಯ್ಡ್ ಚಾಚಿದಂತೆ. ಹಾಸಿಗೆಯಲ್ಲೀಗ ಬೆಳಕಿನ ಪೊರೆಯೊಳಗಿನ ಶಿಶು.

ಇದಕ್ಕೆ ಕ್ಲಾರ್ಕ್ ಅವರ ಕಾದಂಬರಿಯಲ್ಲಿ ನೇರ ಉತ್ತರವಿದೆ. 1956ರಿಂದ ಶ್ರೀಲಂಕಾದಲ್ಲಿ ನೆಲೆಸಿದ್ದ ಕ್ಲಾರ್ಕ್ 1964ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯೂಬ್ರಿಕ್‌ರನ್ನು ಭೇಟಿಯಾದರು. 1951ರಲ್ಲಿ ಪ್ರಕಟವಾಗಿದ್ದ ಕ್ಲಾರ್ಕ್ ಅವರ ‘ದಿ ಸೆಂಟಿನೆಲ್’ ಕತೆಯನ್ನು ಬೀಜವಾಗಿಟ್ಟು ಇಬ್ಬರೂ ಚಿತ್ರಕತೆ ಬೆಳೆಸಿದರು, ಕಾದಂಬರಿ ಚಿತ್ರದ ಬಳಿಕ ಬಂತು. ಕಾದಂಬರಿಯಲ್ಲಿ ನೌಕೆ ಹೋಗುವುದು ಶನಿಗ್ರಹಕ್ಕೆ. ಶನಿಯ ಬಳೆಗಳನ್ನು ನಂಬುವಂತೆ ತೆರೆಗೆ ತರಲಾಗದೆ ಚಿತ್ರದಲ್ಲಿ ಗುರುಗ್ರಹವಾಯಿತು. ಕಾದಂಬರಿಯ ಕೊನೆಯಲ್ಲಿ ಶಿಶು ಭೂಮಿಯ ಸುತ್ತಲಿನ ಬಾಂಬುಗಳನ್ನು ಸಿಡಿಸಿಬಿಡುತ್ತದೆ. ಕ್ಯೂಬ್ರಿಕ್ ಅದನ್ನು ಕೈಬಿಟ್ಟು, ಶಿಶು ಭೂಮಿಯನ್ನು ನೋಡಿ ನಮ್ಮತ್ತ ತಿರುಗುವಲ್ಲಿಗೆ ನಿಲ್ಲಿಸಿದರು. ಅರ್ಥ ಹೇಳಿ ಎಂದವರಿಗೆ, ಮೊನಾಲಿಸಾ ಏಕೆ ನಗುತ್ತಿದ್ದಾಳೆಂದು ಲಿಯೊನಾರ್ಡೊ ಚಿತ್ರದ ಕೆಳಗೆ ಬರೆದಿದ್ದರೆ ಅದನ್ನು ಯಾರು ಹಾಗೆ ನೋಡುತ್ತಿದ್ದರು ಎಂದು ಕೇಳುತ್ತಿದ್ದರು. ಆದರೂ 1980ರಲ್ಲಿ ಜಪಾನಿನ ಚಿತ್ರತಂಡವೊಂದಕ್ಕೆ ಫೋನಿನಲ್ಲಿ ಮಾತಾಡುತ್ತ, ಶುದ್ಧ ಚೈತನ್ಯದ ಜೀವಿಗಳು ಬೌಮನ್‌ನನ್ನು ಮೃಗಾಲಯದಂಥ ಕೋಣೆಯಲ್ಲಿಟ್ಟು ನೋಡಿಕೊಂಡು, ಬೇರೆಯೇ ಜೀವಿಯಾಗಿಸಿ ಭೂಮಿಗೆ ಕಳಿಸಿದವು ಎಂದು ವಿವರಿಸಿದ್ದರು. ಆ ಧ್ವನಿಮುದ್ರಿಕೆ ಬೆಳಕಿಗೆ ಬಂದದ್ದು 2018ರಲ್ಲಿ. ಚಿತ್ರದಲ್ಲಿ ಮಾತ್ರ ಆ ಜೀವಿಗಳು ಕಾಣುವುದಿಲ್ಲ; ಬೇರೆ ಲೋಕದ ಜೀವಿಗಳನ್ನು ತೋರಿಸಬೇಡಿ, ಸೂಚಿಸಿದರೆ ಸಾಕು ಎಂದು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಸಲಹೆ ಕೊಟ್ಟಿದ್ದರು.

ನಿರ್ದೇಶಕರೇ ಹೇಳಿದ ಮೇಲೆ ಚರ್ಚೆ ಮುಗಿಯಿತೇ? ಇಲ್ಲ. ಆ ವಿವರಣೆ ಕತೆಯಲ್ಲಿ ಏನಾಯಿತೆಂದು ಹೇಳುತ್ತದೆ, ಅದು ನಮಗೇಕೆ ಮುಖ್ಯವೆಂದು ಹೇಳುವುದಿಲ್ಲ. ನೀಚೆಯ ಕೃತಿಯಿಂದ ಪ್ರೇರಿತವಾದ ‘ಜರಾತುಸ್ತ್ರ’ ಸಂಗೀತ ಇರುವುದರಿಂದ, ವಾನರ, ಮಾನವ, ಅತಿಮಾನವ ಎಂಬ ಮೂರು ಹಂತಗಳ ಕತೆ ಇದು ಎಂದು ಓದುವವರಿದ್ದಾರೆ. ಸಂಗೀತ ಬರುವ ಜಾಗಗಳು ಅದಕ್ಕೆ ಸಾಕ್ಷಿ ನುಡಿಯುತ್ತವೆ. ಉಪಕರಣ ಹಿಡಿದ ಜೀವಿ ಕೊನೆಗೆ ತನ್ನ ಅತಿ ಬುದ್ಧಿವಂತ ಉಪಕರಣವನ್ನೇ ಕಳಚಿಟ್ಟು ಮುಂದೆ ಹೋದ ಕತೆ ಎಂಬುದು ಇನ್ನೊಂದು ಓದು. ಎಲುಬು, ಬಾಂಬು, ಹ್ಯಾಲ್ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವುದರಿಂದ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಇದು. ಕಪ್ಪು ಚಪ್ಪಡಿ ಎಂದರೆ ನೆಟ್ಟಗೆ ನಿಲ್ಲಿಸಿದ ಸಿನಿಮಾ ಪರದೆಯೇ ಎಂಬ ವಾದವೂ ಉಂಟು. ಜಾಣತನವಿದೆ, ಆದರೆ ಹ್ಯಾಲ್‌ನ ಇಡೀ ಭಾಗದ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ. ಯಾವ ಓದನ್ನಾದರೂ ಪರೀಕ್ಷಿಸುವ ಬಗೆ ಹೀಗೆ: ಅದು ಎಷ್ಟು ದೃಶ್ಯಗಳನ್ನು ಬೆಳಗಿಸುತ್ತದೆ, ಯಾವ ಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ ಎಂದು ಕೇಳಬೇಕು.

ಚಪ್ಪಡಿಯನ್ನು ಮೊದಲು ಪಾರದರ್ಶಕ ಅಕ್ರಿಲಿಕ್‌ನಲ್ಲಿ ಎರಕ ಹೊಯ್ಯಿಸಿದ್ದರು. ಹಸಿರು ಛಾಯೆ ಬಂದು ಮೆಚ್ಚುಗೆಯಾಗದೆ, ಕಪ್ಪು ಬಣ್ಣದ ಮರದ್ದನ್ನು ಮಾಡಿಸಿದರು. ತಿರಸ್ಕೃತವಾದ ಆ ಅಕ್ರಿಲಿಕ್ ದಿಮ್ಮಿಯಿಂದ ಶಿಲ್ಪಿ ಆರ್ಥರ್ ಫ್ಲೈಷ್‌ಮನ್ ಕೆತ್ತಿದ ಕಿರೀಟ ಲಂಡನ್ನಿನ ಸೇಂಟ್ ಕ್ಯಾಥರೀನ್ ಡಾಕ್ಸ್‌ಗೆ ಸೇರಿತು.

ಎರಡನೆಯ ಸಲ ನೋಡುವಾಗ ಕತೆಯ ಹಂಗಿರುವುದಿಲ್ಲವಾದ್ದರಿಂದ ಒಂದೇ ಎಳೆ ಹಿಡಿದು ಹೋಗಬಹುದು. ಊಟದ ಎಳೆ: ಹಸಿಮಾಂಸ, ನಳಿಕೆಯಲ್ಲಿ ಹೀರುವ ಪಾನಕ, ಸ್ಯಾಂಡ್‌ವಿಚ್, ಟ್ರೇಯಲ್ಲಿನ ಬಣ್ಣದ ಮುದ್ದೆಗಳು, ಕೊನೆಗೆ ಬಿಳಿ ಬಟ್ಟೆ ಹಾಸಿದ ಮೇಜು. ಹುಟ್ಟಿನ ಎಳೆ: ಫ್ಲಾಯ್ಡ್‌ನ ಮಗಳ ಹುಟ್ಟುಹಬ್ಬ, ಪೂಲ್‌ನ ಹುಟ್ಟುಹಬ್ಬ, ಹ್ಯಾಲ್ ಸಾಯುತ್ತ ಹೇಳುವ ತನ್ನ ಹುಟ್ಟಿದ ದಿನ, ಶಿಶು. ಕ್ಲಾರ್ಕ್ ಕಾದಂಬರಿಯನ್ನು ಮೊದಲೇ ಓದಿದರೆ ಕಣ್ಣು ಕೆಲಸ ಮಾಡುವುದನ್ನು ನಿಲ್ಲಿಸಿಬಿಡುತ್ತದೆ. ಎರಡು ಸಲ ನೋಡಿದ ಮೇಲೆ ಕೈಗೆತ್ತಿಕೊಳ್ಳುವುದು ಮೇಲು. ಹ್ಯಾಲ್ ಏಕೆ ಹಾಗೆ ಮಾಡಿತೆಂಬ ವಿವರಣೆ ಬೇಕಾದವರಿಗೆ 1984ರಲ್ಲಿ ಪೀಟರ್ ಹಾಯಮ್ಸ್ ತೆಗೆದ ‘2010’ ಇದೆ. ಅದು ಬೇರೆ ಬಗೆಯ, ಮಾತಿನ ಚಿತ್ರ. ನಿಮ್ಮೂರಿನ ಚಿತ್ರಸಮಾಜವೋ ಕಾಲೇಜಿನ ಸಿನಿಮಾ ಕ್ಲಬ್ಬೋ ಎಂದಾದರೂ ಇದನ್ನು ದೊಡ್ಡ ಪರದೆಗೆ ತಂದರೆ, ಮನೆಯಲ್ಲಿ ಎಷ್ಟೇ ಸಲ ನೋಡಿದ್ದರೂ ಹೋಗಿ ಮುಂದಿನ ಸಾಲಿನಲ್ಲಿ ಕೂತು ನೋಡಿ.